ಲಂಡನ್‌ಗೆ ಹೋದವರಿಗೆ ಊರು ನೆನಪಾದರೆ ತಪ್ಪೇನು?

ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಅರ್ಜಿ ಹಾಕುವ ಕಾಲ ಮತ್ತೆ ಬಂದಿದೆ. ಕ್ಯಾಂಟೀನಲ್ಲಿ, ಲ್ಯಾಬ್ ಹೊರಗೆ, ಎಲ್ಲಿ ಸಿಕ್ಕರೂ ಜೂನಿಯರ್‌ಗಳು ನಮ್ಮನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಲಂಡನ್ ಹೆಂಗಿತ್ತು?" ಉತ್ತರವೂ ಒಂದೇ: "ಸೂಪರ್." ಅದು ಸುಳ್ಳೇನಲ್ಲ, ಆದರೆ ಅರ್ಧ ಮಾತು. ಇನ್ನರ್ಧ ಏನಂದ್ರೆ, ಅಕ್ಟೋಬರ್ ನವೆಂಬರ್‌ನಲ್ಲಿ ಆ ಊರಿನ ಅತಿ ಚಂದದ ಜಾಗಗಳಲ್ಲಿ ನಿಂತಿದ್ದಾಗಲೂ ನಮಗೆ ಮನೆ ನೆನಪಾಗ್ತಿತ್ತು. ಇದನ್ನು ಹೇಳಿದ ಕೂಡಲೇ ಬರುವ ಉಪದೇಶವೂ ಗೊತ್ತಿದೆ. "ಅಷ್ಟು ದೂರ ಹೋಗಿ ಊರು ಊರು ಅಂತ ಕೂತ್ರೆ ಏನ್ ಬಂತು? ಮನೆ ಮರೆತು ಎಂಜಾಯ್ ಮಾಡಿ."

ಈ ಉಪದೇಶ ಕೆಲಸಕ್ಕೆ ಬರಲ್ಲ ಅನ್ನೋದು ನಮ್ಮ ವಾದ. ಊರಿನ ನೆನಪು ಊರು ಸುತ್ತೋದಕ್ಕೆ ಅಡ್ಡಿ ಅಲ್ಲ. ನಮಗಂತೂ ಅದರಷ್ಟು ಒಳ್ಳೆಯ ಗೈಡ್ ಇನ್ನೊಂದು ಸಿಗಲಿಲ್ಲ.

ನಾವು ಅಂದ್ರೆ ನಾಲ್ಕು ಜನ. ಮೆಕ್ಯಾನಿಕಲ್‌ನವನು ಮಂಡ್ಯ ಕಡೆಯವನು, ಇ.ಸಿ.ಯವಳು ಗದಗದವಳು, ಸಿವಿಲ್‌ನವನು ಪುತ್ತೂರಿನವನು, ಸಿ.ಎಸ್.ನವಳು ಬೆಂಗಳೂರಿನವಳೇ. ಹೆಸರು ಬೇಡ, ಕ್ಯಾಂಪಸ್‌ನಲ್ಲಿ ಹೇಗಿದ್ದರೂ ಗೊತ್ತಾಗುತ್ತೆ.

ಮೊದಲು ಶರತ್ಕಾಲದ ವಿಷಯ. ಸಿನಿಮಾದಲ್ಲಿ ನೋಡಿದ ಹಾಗೇ ಇರುತ್ತೆ, ಅದರಲ್ಲಿ ಮೋಸ ಇಲ್ಲ. ಕೆನ್ಸಿಂಗ್‌ಟನ್ ಗಾರ್ಡನ್ಸ್‌ನಲ್ಲಿ ಮರಗಳು ಹಳದಿ, ತಾಮ್ರ, ಕೆಂಪು ಆಗಿ ನಿಂತಿರುತ್ತವೆ. ಬೀದಿ ತುಂಬ ಪ್ಲೇನ್ ಮರಗಳು. ಅವುಗಳ ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದು ಮೈಯೆಲ್ಲ ಮಚ್ಚೆ. ಅಂಗೈಗಿಂತ ದೊಡ್ಡ ಎಲೆಗಳು ಫುಟ್‌ಪಾತ್ ಮೇಲೆ ಬಿದ್ದು ಮಳೆಗೆ ನೆನೆದು ಜಾರುತ್ತವೆ. ಎಲೆಯ ಹಸಿರು ಕರಗಿ, ಅದರಡಿ ಮೊದಲೇ ಇದ್ದ ಹಳದಿ ಹೊರಗೆ ಕಾಣೋದು ಅಂತ ಪಿಯುಸಿ ಬಯಾಲಜಿ ಓದಿದವರಿಗೆ ನೆನಪಿರಬಹುದು.

ಆದರೆ ಒಂದು ವ್ಯತ್ಯಾಸ ಯಾರೂ ಹೇಳಿರಲಿಲ್ಲ. ನಮಗೆ ಎಲೆ ಉದುರೋದು ಮಾಘ ಫಾಲ್ಗುಣದಲ್ಲಿ. ಶರದೃತು ಅಂದ್ರೆ ಮಳೆ ನಿಂತು ಆಕಾಶ ತಿಳಿಯಾಗಿ ದಸರಾ, ದೀಪಾವಳಿ, ಕಾರ್ತಿಕ ದೀಪ ಸಾಲಾಗಿ ಬರುವ ಕಾಲ. ಮನೆ ತುಂಬ ಜನ. ಅಲ್ಲಿ ಅದೇ ತಿಂಗಳುಗಳಲ್ಲಿ ಊರು ನಿಧಾನವಾಗಿ ಬಾಗಿಲು ಹಾಕಿಕೊಳ್ಳುತ್ತೆ. ಕ್ಯಾಲೆಂಡರ್ ಒಂದೇ, ನಮ್ಮ ಮೈಯೊಳಗಿನ ಹಬ್ಬದ ಗಡಿಯಾರ ಮಾತ್ರ ಬೇರೆ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಬಾತ್‌ರೂಮಿಗೆ ಹೋದರೆ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ, ಒಂದು ಶವರ್ ಅಷ್ಟೇ. ನೀರು ತುಂಬುವ ಹಬ್ಬ ಮಾಡೋದಾದರೂ ಯಾವುದಕ್ಕೆ ತುಂಬೋದು?

ಇನ್ನು ಬೆಳಕು. ಲಂಡನ್ ಇರೋದು ಉತ್ತರ ಅಕ್ಷಾಂಶ 51.5 ಡಿಗ್ರಿಯಲ್ಲಿ, ಬೆಂಗಳೂರು ಸುಮಾರು 13ರಲ್ಲಿ. ನಮ್ಮಲ್ಲಿ ವರ್ಷಪೂರ್ತಿ ಹಗಲಿನ ಉದ್ದ ಒಂದೂವರೆ ಗಂಟೆಯಷ್ಟು ಮಾತ್ರ ಹೆಚ್ಚುಕಮ್ಮಿ ಆಗುತ್ತೆ, ಗಮನಕ್ಕೇ ಬರಲ್ಲ. ಅಲ್ಲಿ ಅಕ್ಟೋಬರ್‌ನಲ್ಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷ ಹಗಲು ಕಮ್ಮಿಯಾಗ್ತಾ ಹೋಗುತ್ತೆ. ಸೆಪ್ಟೆಂಬರ್ ಮೊದಲ ವಾರ ಸಂಜೆ ಏಳೂವರೆ ದಾಟಿದರೂ ಬಿಸಿಲು ನೋಡಿದವರು, ನವೆಂಬರ್ ಮೊದಲ ವಾರ ನಾಲ್ಕೂವರೆಗೆ ಸೂರ್ಯಾಸ್ತ ನೋಡ್ತೀರಿ. ಮಧ್ಯಾಹ್ನದ ಲ್ಯಾಬ್ ಮುಗಿಸಿ ಹೊರಗೆ ಬಂದರೆ ರಾತ್ರಿ.

ಇದರ ಮೇಲೆ ಗಡಿಯಾರದ ಆಟ ಬೇರೆ. ಅಕ್ಟೋಬರ್‌ನ ಕೊನೇ ಭಾನುವಾರ ಬೆಳಗಿನ ಜಾವ ಎರಡು ಗಂಟೆಯನ್ನು ಒಂದು ಗಂಟೆ ಮಾಡ್ತಾರೆ. "ಒಂದು ಗಂಟೆ ಜಾಸ್ತಿ ನಿದ್ದೆ" ಅಂತ ಅಲ್ಲಿನವರಿಗೆ ಖುಷಿ. ನಮಗೆ ಲೆಕ್ಕ ಬೇರೆ. ಅಲ್ಲೀತನಕ ಭಾರತಕ್ಕೂ ಲಂಡನ್‌ಗೂ ನಾಲ್ಕೂವರೆ ಗಂಟೆ ಅಂತರ. ಆ ಭಾನುವಾರದಿಂದ ಐದೂವರೆ. ಸಂಜೆ ಐದಕ್ಕೆ ಕ್ಲಾಸ್ ಮುಗಿಸಿ ಫೋನ್ ಮಾಡಿದರೆ ಗದಗದಲ್ಲಿ ರಾತ್ರಿ ಒಂಬತ್ತೂವರೆ ಆಗ್ತಿದ್ದದ್ದು ಹತ್ತೂವರೆ ಆಗುತ್ತೆ. ಬೆಳಗ್ಗೆ ಐದಕ್ಕೆ ಏಳುವ ಅವ್ವ ಹತ್ತೂವರೆ ತನಕ ಎಚ್ಚರ ಇರ್ತಾಳಾ? ಇರ್ತಾಳೆ. ಕಣ್ಣು ಎಳೀತಿದ್ರೂ ಕೂತಿರ್ತಾಳೆ. "ಊಟ ಆತೇನವ್ವಾ?" ಅಂತ ಕೇಳುವ ಧ್ವನಿಯಲ್ಲೇ ನಿದ್ದೆ ಗೊತ್ತಾಗುತ್ತೆ. ಆಮೇಲೆ ಮಗಳು ಫೋನ್ ಮಾಡೋದೇ ಕಮ್ಮಿ ಮಾಡ್ತಾಳೆ, ಅವ್ವ ಮಲಗಲಿ ಪಾಪ ಅಂತ.

ನಮ್ಮ ಇ.ಸಿ. ಗೆಳತಿ ನವೆಂಬರ್‌ನಲ್ಲಿ ಎರಡು ವಾರ ಕ್ಲಾಸ್ ಬಿಟ್ಟರೆ ರೂಮಿನಿಂದ ಹೊರಗೆ ಬರಲಿಲ್ಲ. ಯಾರಿಗೂ ಏನೂ ಹೇಳಲೂ ಇಲ್ಲ. ಎಲ್ಲರ ಸ್ಟೇಟಸ್ಸಿನಲ್ಲೂ ಹಳದಿ ಎಲೆ, ಕಾಫಿ ಕಪ್, ನಗು. ತನಗೊಬ್ಬಳಿಗೇ ಏನೋ ಆಗಿದೆ ಅಂತ ಅವಳು ತಿಳ್ಕೊಂಡಿದ್ಲು. ಇದನ್ನು ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀವಿ, "ಬರೀರಿ, ಮುಂದೆ ಹೋಗೋರಿಗೆ ಗೊತ್ತಾಗ್ಲಿ" ಅಂದಿದ್ದಾಳೆ. ಬೆಳಕು ಕಮ್ಮಿಯಾದಾಗ ಮನಸ್ಸು ಕುಗ್ಗೋದಕ್ಕೆ ವೈದ್ಯರು ಇಟ್ಟಿರುವ ಹೆಸರೇ ಇದೆ: ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳೋದನ್ನು ಎಲ್ಲರೂ ಯೋಚಿಸಬೇಕು ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆಯೇ ಹೇಳುತ್ತೆ. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡೋದಕ್ಕೇ ಜನ ಇರ್ತಾರೆ. ಹೊರಡುವ ಮುಂಚೆ ನಮಗೆ ಕೊಟ್ಟ ಮೂರು ಗಂಟೆಯ ಓರಿಯೆಂಟೇಶನ್‌ನಲ್ಲಿ ವೀಸಾ, ಫಾರೆಕ್ಸ್ ಕಾರ್ಡ್, ಇನ್ಶೂರೆನ್ಸ್, ಸೂಟ್‌ಕೇಸಿನ ತೂಕ ಎಲ್ಲ ಬಂತು. ನವೆಂಬರ್ ಬರಲಿಲ್ಲ.

ಈಗ ಊರು ನೋಡುವ ವಿಷಯಕ್ಕೆ ಬರೋಣ. ಮೊದಲ ತಿಂಗಳು ನಾವೂ ಎಲ್ಲರಂತೆ ಪಟ್ಟಿ ಹಿಡಿದು ಸುತ್ತಿದೆವು. ಲಂಡನ್ ಐ, ಬಕಿಂಗ್‌ಹ್ಯಾಂ ಅರಮನೆ, ಟವರ್ ಬ್ರಿಜ್. ಬಿಗ್ ಬೆನ್ ಅನ್ನೋದು ಗೋಪುರದ ಹೆಸರಲ್ಲ, ಒಳಗಿನ ದೊಡ್ಡ ಗಂಟೆಯ ಹೆಸರು. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅಂತ ಹೆಸರು. ಇಂಥವನ್ನು ತಿಳ್ಕೊಂಡೆವು, ಫೋಟೋ ತೆಗೆದೆವು, ಚೆನ್ನಾಗಿತ್ತು. ಆದರೆ ಸಂಜೆ ರೂಮಿಗೆ ಬಂದು ಫೋಟೋ ನೋಡಿದರೆ ಗೂಗಲ್‌ನಲ್ಲಿ ಸಿಗೋ ಫೋಟೋಗಳೇ, ಮುಂದೆ ನಮ್ಮ ಮುಖ ಅಂಟಿಸಿದ ಹಾಗೆ. ಬಸ್ಸಿನ ವಿಷಯ ಮಾತ್ರ ನೆನಪಿಟ್ಕೊಳ್ಳಿ: ನಾವಿದ್ದಾಗ 1.75 ಪೌಂಡ್ ಕೊಟ್ಟರೆ ಒಂದು ಗಂಟೆ ಒಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದಿತ್ತು. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಯಾವ ಟೂರೂ ಬೇಡ.

ಪಟ್ಟಿ ಮುಗಿದ ಮೇಲೆ ನಮ್ಮನ್ನು ಹೊರಗೆ ಎಳೆದದ್ದು ಮನೆಯ ನೆನಪೇ. ಮಂಡ್ಯದವನಿಗೆ ದಸರಾ ದಿನಗಳಲ್ಲಿ ರೂಮಲ್ಲಿ ಕೂರೋಕಾಗ್ಲಿಲ್ಲ. "ಶ್ರೀರಂಗಪಟ್ಟಣದ ಹುಲಿ ಇಲ್ಲೇ ಎಲ್ಲೋ ಇದೆಯಲ್ಲ, ನೋಡ್ಕೊಂಡು ಬರೋಣ ಬನ್ರೋ" ಅಂದ. ಸೌತ್ ಕೆನ್ಸಿಂಗ್‌ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆವು. ಪ್ರವೇಶ ಉಚಿತ. (ಗ್ಯಾಲರಿಗಳನ್ನು ಆಗಾಗ ರಿಪೇರಿಗೆ ಮುಚ್ಚುತ್ತಾರೆ, ಹೋಗುವ ಮುಂಚೆ ಹುಲಿ ಪ್ರದರ್ಶನದಲ್ಲಿದೆಯಾ ಅಂತ ನೋಡ್ಕೊಳ್ಳಿ.)

ಟಿಪ್ಪುವಿನ ಹುಲಿ ಅಂದ್ರೆ ಮರದ ದೊಡ್ಡ ಗೊಂಬೆ. ಮಲಗಿರುವ ಯುರೋಪಿಯನ್ ಒಬ್ಬನ ಮೇಲೆ ಹುಲಿ ಎರಗಿದೆ. ಆಳುದ್ದ ಇದೆ, ಬಣ್ಣ ಇನ್ನೂ ಗಾಢ. ಇತಿಹಾಸ ಪಾಠದಲ್ಲಿ ಚಿತ್ರ ನೋಡಿದ್ದೆವು, ಆದರೆ ಅದು ಯಂತ್ರ ಅನ್ನೋದು ಎದುರಿಗೆ ನಿಂತಾಗಲೇ ತಲೆಗೆ ಹೋದದ್ದು. ಪಕ್ಕದಲ್ಲಿ ಹಿಡಿಕೆ ಇದೆ. ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತೆ, ಅವನು ನರಳುವ ಸದ್ದು ಒಂದು ಕೊಳವೆಯಿಂದ, ಹುಲಿ ಗುರುಗುಟ್ಟುವ ಸದ್ದು ಇನ್ನೊಂದು ಕಡೆಯಿಂದ. ಹುಲಿಯ ಮೈಯೊಳಗೆ ನುಡಿಸಬಹುದಾದ ಚಿಕ್ಕ ಆರ್ಗನ್ ಕೂಡ ಇದೆ, ಮಣೆಗಳ ಸಮೇತ. ಒಂದೇ ಹಿಡಿಕೆಯಿಂದ ಚಲನೆ ಮತ್ತು ಬೇರೆ ಬೇರೆ ಸದ್ದು! ಮೆಕ್ಯಾನಿಕಲ್‌ನವನು ಗಾಜಿಗೆ ಮೂಗು ತಾಗಿಸಿಕೊಂಡು ಅರ್ಧ ಗಂಟೆ ಸುತ್ತು ಹಾಕಿದ. ಲಂಡನ್ ಐ ಮುಂದೆ ಅವನು ನಿಂತದ್ದು ಒಂದು ಸೆಲ್ಫಿಗೆ ಬೇಕಾದಷ್ಟು ಹೊತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಾದ ವಸ್ತುಗಳಲ್ಲಿ ಇದೂ ಒಂದು. 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರಿಗೆ ತೋರಿಸೋಕೆ ಇಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕೂತವರಿಗೆ ತಲೆನೋವಾಗ್ತಿತ್ತಂತೆ. 1880ರಲ್ಲಿ ಈಗಿನ ಮ್ಯೂಸಿಯಂಗೆ ಬಂತು. ಟಿಪ್ಪು ಹೆಸರೆತ್ತಿದರೆ ನಮ್ಮ ಹಾಸ್ಟೆಲಲ್ಲಿ ರಾತ್ರಿಯಿಡೀ ಜಗಳ ಆಗುತ್ತೆ, ಅದನ್ನು ಇಲ್ಲಿ ಎಳೆಯಲ್ಲ. ಆದರೆ ಅವತ್ತು ವಿಡಿಯೋ ಕಾಲ್‌ನಲ್ಲಿ ಹುಲಿಯನ್ನು ನೋಡಿದ ಅವನ ಅಪ್ಪ ಕೇಳಿದ್ದು ಒಂದೇ ಮಾತು: "ಅದು ನಮ್ದಲ್ವೇನ್ಲಾ?" ವಾಪಸ್ ಬರಬೇಕಾ ಬೇಡವಾ ಅಂತ ನಮ್ಮ ನಾಲ್ವರಲ್ಲೇ ಒಮ್ಮತ ಇಲ್ಲ. ಕೊಳ್ಳೆ ಹೊಡೆದದ್ದು ಕೊಳ್ಳೆಯೇ ಅಂತ ಇಬ್ಬರು. ಇಲ್ಲಿದ್ದರೆ ಜಗತ್ತೇ ನೋಡುತ್ತಲ್ಲ ಅಂತ ಒಬ್ಬಳು. ವಾಪಸ್ ತಂದರೆ ಇಡೋದು ಎಲ್ಲಿ, ಮೊದಲು ಅದನ್ನು ಹೇಳಿ ಅಂತ ಸಿವಿಲ್‌ನವನು.

ಅಲ್ಲಿಂದ ಮಾತು ರಾಕೆಟ್‌ಗೆ ಹೋಯ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಮೈಸೂರಿನ ರಾಕೆಟ್‌ಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಕಂಪನಿ ಸೈನ್ಯವನ್ನು ನಡುಗಿಸಿದ್ದವು. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೇ ಇದೆ. ವಶಪಡಿಸಿಕೊಂಡ ರಾಕೆಟ್‌ಗಳು ಲಂಡನ್‌ನ ವೂಲ್‌ವಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಅವನ್ನು ಆಧಾರವಾಗಿಟ್ಟುಕೊಂಡು ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಎರಡೂವರೆ ಗಂಟೆ ಹುಲಿ ಮುಂದೆ, ಬೆಂಚಿನ ಮೇಲೆ, ಮ್ಯೂಸಿಯಂ ಕೆಫೆಯಲ್ಲಿ ಇದೇ ಮಾತು. ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಟ್ರಿಪ್ ಹೋಗದ ಕನ್ನಡದ ಮಕ್ಕಳು ಕಮ್ಮಿ. ಬಸ್ಸಲ್ಲಿ ಅಂತ್ಯಾಕ್ಷರಿ, ಸಂಗಮದಲ್ಲಿ ಪುಳಿಯೋಗರೆ, ದರಿಯಾ ದೌಲತ್‌ನಲ್ಲಿ "ಲೈನಲ್ಲಿ ಬನ್ನಿ" ಅಂತ ಮೇಷ್ಟ್ರ ಕೂಗು. ಆ ಗೋಡೆಯ ಚಿತ್ರದ ಬಗ್ಗೆ ಇಷ್ಟು ಹೊತ್ತು ಮಾತಾಡೋದು ಎಂಟು ಸಾವಿರ ಕಿಲೋಮೀಟರ್ ಆಚೆಯಿಂದ ಸಾಧ್ಯವಾಯ್ತು.

ಮುಂದಿನ ಶನಿವಾರ ಲೆಡನ್‌ಹಾಲ್ ಬೀದಿಗೆ ಹೋದೆವು. ಈಸ್ಟ್ ಇಂಡಿಯಾ ಹೌಸ್ 1860ರ ದಶಕದಲ್ಲೇ ನೆಲಸಮ ಆಗಿದೆ. ಆ ಜಾಗದಲ್ಲಿ ಈಗ ಲಾಯ್ಡ್ಸ್ ಕಟ್ಟಡ ಇದೆ, ರಿಚರ್ಡ್ ರೋಜರ್ಸ್ ವಿನ್ಯಾಸ, 1986ರಲ್ಲಿ ಮುಗಿದದ್ದು. ಪೈಪು, ಡಕ್ಟು, ಲಿಫ್ಟು, ಮೆಟ್ಟಿಲು ಎಲ್ಲ ಹೊರಗಡೆ. ಬಟ್ಟೆಯನ್ನು ಒಳಗು ಹೊರಗು ಮಾಡಿ ಹಾಕ್ಕೊಂಡ ಹಾಗೆ. ಒಳಗೆ ಜಾಗ ಖಾಲಿ ಸಿಗಲಿ, ರಿಪೇರಿ ಸುಲಭವಾಗಲಿ ಅಂತ. ನಮ್ಮ ದೇಶವನ್ನೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಕಚೇರಿಯ ಜಾಗ ಇದು. ಸುತ್ತ ಸೂಟು ಹಾಕಿದವರು ಸ್ಯಾಂಡ್‌ವಿಚ್ ಹಿಡಿದು ಓಡಾಡ್ತಿದ್ರು. ಸುಮ್ನೆ ನೋಡ್ತಾ ನಿಂತೆವು.

ಬಸವಣ್ಣನ ಹತ್ತಿರ ಹೋಗೋಣ ಅಂದದ್ದು ಇ.ಸಿ.ಯವಳು, ಆ ಎರಡು ವಾರ ಕಳೆದ ಮೇಲೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ ಬಸವೇಶ್ವರರ ಪ್ರತಿಮೆ ಇದೆ. ಕಲಬುರಗಿ ಕಡೆಯ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನದಿಯಾಚೆ ಪಾರ್ಲಿಮೆಂಟು. ಅನುಭವ ಮಂಟಪವನ್ನು ಪಾರ್ಲಿಮೆಂಟಿಗೆ ಹೋಲಿಸುವ ಭಾಷಣಗಳನ್ನು ಎಲ್ಲರೂ ಕೇಳಿದ್ದೀವಿ, ಆ ಹೋಲಿಕೆ ಎಷ್ಟು ಸರಿಯೋ ಇತಿಹಾಸ ಓದಿದವರು ಹೇಳಲಿ. ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಪೀಠದ ಮೇಲೆ ಒದ್ದೆ ಎಲೆಗಳು ಅಂಟಿದ್ದವು, ಕರ್ಚೀಫ್ ತಗೊಂಡು ಒರೆಸಿದಳು. ಅವ್ವನಿಗೆ ಫೋಟೋ ಕಳಿಸಿದಳು. ಆಮೇಲೆ ಹಸಿವಾಗ್ತಿದೆ ಅಂದಳು. ಬಹಳ ದಿನದ ಮೇಲೆ ಅವಳ ಬಾಯಲ್ಲಿ ಆ ಮಾತು ಕೇಳಿದ್ದು. ಟ್ಯೂಬ್ ಹಿಡಿದು ಟೂಟಿಂಗ್‌ಗೆ ಹೋಗಿ ದೋಸೆ ತಿಂದೆವು. ಚಟ್ನಿ ಅಷ್ಟಕ್ಕಷ್ಟೇ.

ಆ ದಡ ಕಟ್ಟಿದವನು ಜೋಸೆಫ್ ಬಜಲ್‌ಗೆಟ್ ಅನ್ನೋದನ್ನು ಸಿವಿಲ್‌ನವನು ದಾರಿಯುದ್ದಕ್ಕೂ ಹೇಳ್ತಾ ಬಂದ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತು ಅಂದ್ರೆ ಪಾರ್ಲಿಮೆಂಟಲ್ಲಿ ಕೂರೋಕಾಗದೆ ದುಡ್ಡು ಮಂಜೂರಾಯ್ತು. ಬಜಲ್‌ಗೆಟ್ 132 ಕಿಲೋಮೀಟರ್‌ನಷ್ಟು ಮುಖ್ಯ ಒಳಚರಂಡಿ ಕಟ್ಟಿದ. ಎದುರು ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಒಳಗೆ ಚರಂಡಿಯೂ ಇದೆ, ಟ್ಯೂಬ್ ರೈಲೂ ಇದೆ. "ನಮ್ಮ ರಾಜಕಾಲುವೆ ನಾರಿದಾಗ ವಿಧಾನಸೌಧಕ್ಕೆ ಗಾಳಿ ಬೀಸಲ್ವಲ್ಲ, ಅದೇ ಪ್ರಾಬ್ಲಮ್" ಅಂತ ಬೆಂಗಳೂರಿನವಳು ಸೇರಿಸಿದಳು.

ನಮ್ಮ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಗೊತ್ತು. "ಲಂಡನ್‌ಗೆ ಹೋಗಿ ಮತ್ತೆ ಟಿಪ್ಪು, ಬಸವಣ್ಣ, ದೋಸೆನಾ? ಹೊಸದೇನು ನೋಡಿದ್ರಿ?" ರೂಮಲ್ಲಿ ಕೂತು ಕುಕ್ಕರ್ ಕೂಗಿಸಿಕೊಂಡು, ಕನ್ನಡ ಸೀರಿಯಲ್ ಹಾಕ್ಕೊಂಡು, ಅಲ್ಲಿನ ಒಬ್ಬರ ಜೊತೆಯೂ ಮಾತಾಡದೆ ಸೆಮಿಸ್ಟರ್ ಮುಗಿಸಿದವರೂ ಇದ್ದಾರೆ, ಅದನ್ನು ನಾವು ಸಮರ್ಥಿಸಲ್ಲ. ಆದರೆ ಮೇಲಿನದ್ದನ್ನೇ ನೋಡಿ. ಹುಲಿಯಿಂದ ಶುರುವಾಗಿ ಲಾಯ್ಡ್ಸ್ ಕಟ್ಟಡ ತಲುಪಿದೆವು, ಬಸವಣ್ಣನಿಂದ ಬಜಲ್‌ಗೆಟ್. ಅಲ್ಲಿನ ಲ್ಯಾಬ್‌ಮೇಟ್ ಒಬ್ಬನಿಗೆ ಹುಲಿಯ ಕಥೆ ಹೇಳಿದಾಗ ಅವನೂ ಒಂದು ದಿನ ನಮ್ಮ ಜೊತೆ ಬಂದ. ಲಂಡನ್‌ನಲ್ಲೇ ಹುಟ್ಟಿ ಬೆಳೆದವನು, ಅದನ್ನು ನೋಡಿರಲಿಲ್ಲ. ಬಿಗ್ ಬೆನ್ ಬಗ್ಗೆ ಅವನ ಹತ್ತಿರ ಅಷ್ಟು ಮಾತಾಡೋಕೆ ನಮಗೇನೂ ಇರಲಿಲ್ಲ.

ಆದ್ದರಿಂದ ಕಾಲೇಜಿಗೆ ಮತ್ತು ನಮ್ಮ ಕನ್ನಡ ಸಂಘಕ್ಕೆ ನಮ್ಮ ಬೇಡಿಕೆ. ಓರಿಯೆಂಟೇಶನ್‌ನಲ್ಲಿ ಒಂದು ಗಂಟೆ ಹೋಗಿ ಬಂದವರಿಗೆ ಕೊಡಿ. ನವೆಂಬರ್ ಹೇಗಿರುತ್ತೆ, ಯಾರು ಯಾವ ವಾರ ಅತ್ತರು, ಯಾರಿಗೆ ಫೋನ್ ಮಾಡಿದರು, ಎಲ್ಲ ಹೇಳ್ತೀವಿ. ಹೋಗುವವರು ಹೊರಡುವ ಮುಂಚೆ ತಮ್ಮ ಊರಿಗೂ ತಾವು ಹೋಗುವ ಊರಿಗೂ ಇರುವ ನಂಟನ್ನು ಒಂದು ಹಾಳೆ ಬರೆದುಕೊಳ್ಳಲಿ. ಬರ್ಲಿನ್‌ಗೋ ಪ್ಯಾರಿಸ್‌ಗೋ ಹೋಗುವವರಿಗೂ ಹುಡುಕಿದರೆ ಏನಾದರೂ ಸಿಗುತ್ತೆ. ಸಿಗದಿದ್ದರೆ ಅಲ್ಲಿನ ಒಳಚರಂಡಿ ನೋಡ್ಕೊಂಡು ಬನ್ನಿ.

ಫೋನಿನ ಸಮಸ್ಯೆಗೆ ನಮಗೆ ಪರಿಹಾರ ಸಿಕ್ಕಿದ್ದು ಗ್ರೀನಿಚ್‌ನಲ್ಲಿ. 1675ರಲ್ಲಿ ಶುರುವಾದ ವೀಕ್ಷಣಾಲಯ, ನೆಲದ ಮೇಲೆ ಸೊನ್ನೆ ರೇಖಾಂಶದ ಗೆರೆ, ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ಫೋಟೋ ತೆಗೆಸಿಕೊಳ್ಳುವ ಜನ. ಫೋನ್ ತೆಗೆದು ಜಿಪಿಎಸ್ ನೋಡಿ, ಸೊನ್ನೆ ಬರಲ್ಲ. ಈಗಿನ ಲೆಕ್ಕದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನ ಮೇಲೆ ಇದೆ. ಕಟ್ಟಡದ ಮೇಲೆ ಕೆಂಪು ಚೆಂಡೊಂದಿದೆ. 1833ರಿಂದ ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬೀಳೋದು, ಥೇಮ್ಸ್‌ನಲ್ಲಿ ನಿಂತ ಹಡಗಿನವರು ಗಡಿಯಾರ ಸರಿಮಾಡ್ಕೊಳ್ಳಲಿ ಅಂತ. 12:55ಕ್ಕೆ ಅರ್ಧ ಏರಿತು, 12:58ಕ್ಕೆ ತುದಿ ಮುಟ್ಟಿತು, ಒಂದಕ್ಕೆ ಇಳಿಯಿತು. ಅಕ್ಟೋಬರ್ ಕಳೆದ ಮೇಲೆ ಅಲ್ಲಿ ಮಧ್ಯಾಹ್ನ ಒಂದು ಅಂದ್ರೆ ಊರಲ್ಲಿ ಸಂಜೆ ಆರೂವರೆ. ಕಾರ್ತಿಕ ಮಾಸ, ತುಳಸಿಕಟ್ಟೆ ಮುಂದೆ ದೀಪ ಹಚ್ಚುವ ಹೊತ್ತು. ನಮಗೆ ಲಂಚ್ ಬ್ರೇಕ್. ಅವತ್ತಿನಿಂದ ಡಿಸೆಂಬರ್‌ವರೆಗೂ ಮನೆಗೆ ಫೋನ್ ಮಾಡಿದ್ದು ಮಧ್ಯಾಹ್ನ ಒಂದಕ್ಕೇ; ಗದಗದ ಅವ್ವ ಹತ್ತಕ್ಕೆಲ್ಲ ಮಲಗ್ತಿದ್ರು.